ಕೊನೇ ಸ್ಥಾನಕ್ಕೊಂದು ಸನ್ಮಾನ

ಸೋಮವಾರ, ಆಗಸ್ಟ್ 2, 1999. ಬೆಳಗ್ಗೆ 9.10, ಆಫೀಸು

ಇತಿಹಾಸಕಾರರು ಬರೆದುಕೊಳ್ಳತಕ್ಕದ್ದು: ಇಂದು ಹರ್ನ್‌ಡನ್ನಿನ ನಮ್ಮ ಆಫೀಸಿನಲ್ಲಿ ಡೆರೆಕ್ ಕಾಫಿಗೆ ಸಕ್ಕರೆ ಹಾಕಿಕೊಳ್ಳಲಿಲ್ಲ.

ಡೆರೆಕ್ ನನ್ನ ಮ್ಯಾನೇಜರು. ಸಿಡ್ನಿಯವನು. ಸಕ್ಕರೆ ಇಲ್ಲ ಅಂದರೆ ಅವನ ರಗ್ಬಿ ಲೀಗ್ ಟೀಮು ಮತ್ತೆ ಸೋತಿದೆ ಅಂತ ಅರ್ಥ. ಸತತ ಇಪ್ಪತ್ತನೇ ಸಲ. ಪಟ್ಟಿಯಲ್ಲಿ ಕಟ್ಟಕಡೆ. ಟೀಮಿನ ಹೆಸರು ಬರೆಯೋದಿಲ್ಲ — ಸೋತವರಿಗೂ ಮಾನ ಇರುತ್ತೆ.

ನನಗೇನಾಗಬೇಕು? ಆಗಬೇಕು. ಗ್ರೀನ್ ಕಾರ್ಡ್ ಫಾರ್ಮು ಡ್ರಾಯರಿನಲ್ಲಿದೆ. ಡೆರೆಕ್ ಸಹಿ ಬೇಕು. ವೀಸಾ ಆರನೇ ವರ್ಷ, ಅದೇ ಕೊನೇದು. ಈ ತಿಂಗಳ 27ರೊಳಗೆ ಲಾಯರ್ ಕೈಗೆ ಸೇರದಿದ್ದರೆ ಗಂಟುಮೂಟೆ. ಆದರೆ ದೊಡ್ಡವರ ಹತ್ತಿರ ಸಹಿ ಕೇಳೋದಕ್ಕೆ ಹೊತ್ತು ಗೊತ್ತು ಅಂತ ಇರುತ್ತೆ. ಮೈಸೂರಿನಲ್ಲಿ ಅಪ್ಪ, ಸಾಹೇಬರ ಊಟ ಆಗಿ ಎಲೆಅಡಿಕೆ ಬಾಯಿಗೆ ಬೀಳೋವರೆಗೂ ಕಾಗದ ಮುಂದಿಡುತ್ತಿರಲಿಲ್ಲ. ನಾನು ಒಂದು ಗೆಲುವಿಗೆ ಕಾಯ್ತಿದೀನಿ. ಮಾರ್ಚಿನಿಂದ.

ಸಂಜೆ

ಚೈತನ್ಯಾ: “ಕೇಳಿದ್ರಾ?”

“ಅವನ ಮೂಡ್ ಸರಿ ಇಲ್ಲ ಕಣೆ.”

“ಐದು ತಿಂಗಳಿಂದಾನಾ? ಅದು ಮೂಡಲ್ಲಾರೀ, ಮುಖ.”

ಹೆಂಡತಿ. ಏನು ಹೇಳೋದು.

ಸೋಮವಾರ, ಆಗಸ್ಟ್ 9

ಸೋತರು.

ಆಟದ ರೂಲ್ಸ್ ಓದ್ತಿದೀನಿ. ಚೆಂಡು ಹಿಡಿದವನನ್ನು ಆರು ಸಲ ಕೆಡವುತ್ತಾರೆ. ಆಮೇಲೆ ಚೆಂಡು ಎದುರಾಳಿಗೆ. ಥೇಟ್ ನನ್ನ ವೀಸಾ.

ಗುರುವಾರ, ಆಗಸ್ಟ್ 12. ಲಂಚ್

ಡೆರೆಕ್ ತಾನಾಗಿ ಬಾಯಿಬಿಟ್ಟ. ಕೊನೇ ಸ್ಥಾನಕ್ಕೆ ಬಂದವರಿಗೆ ‘ಮರದ ಚಮಚ’ ಅಂತಾರಂತೆ.

“ದೊಡ್ಡದಾ?” ಕೇಳಿದೆ.

“ನಿಜವಾದ ಚಮಚ ಯಾರೂ ಕೊಡಲ್ಲ, ಮೇಟ್. ಬರೀ ಮಾತಿಗೆ.”

ನಮ್ಮ ಕನ್ನಡ ಕೂಟದಲ್ಲಿ ಲೆಮನ್ ಅಂಡ್ ಸ್ಪೂನ್ ರೇಸಿನಲ್ಲಿ ನಿಂಬೆಹಣ್ಣನ್ನೇ ಕಳಕೊಂಡ ಮಗುವಿಗೂ ಸ್ಟೀಲ್ ಡಬ್ಬಿ ಕೊಟ್ಟು ಕಳಿಸ್ತೀವಿ. ಇವರಿಗೆ ಒಂದು ಸಮಾಧಾನಕರ ಬಹುಮಾನವೂ ಗತಿಯಿಲ್ಲ. ಗೆಲ್ಲಿಸೋದು ನನ್ನ ಕೈಲಿಲ್ಲ. ಸನ್ಮಾನ ಮಾಡೋದು ಕೈಲಿದೆ.

ಶೇಷಾದ್ರಿ ಅಂಕಲ್‌ಗೆ ಫೋನ್ ಮಾಡಿದೆ — ಕೂಟದ ಅಧ್ಯಕ್ಷರು. “ಆಗಸ್ಟ್ ಹದಿನೈದನ್ನ ಇಪ್ಪತ್ತೊಂದಕ್ಕೆ ಆಚರಿಸ್ತಿದೀವಿ, ಇಲ್ಲೇ ಹತ್ತಿರದ ಕೊಲಂಬಿಯಾ ಊರಲ್ಲಿ. ಕರಕೊಂಡು ಬಾ. ಸನ್ಮಾನಕ್ಕೆ ಹೇಗೂ ಜನ ಸಿಕ್ಕಿಲ್ಲ.”

ಶನಿವಾರ, ಆಗಸ್ಟ್ 21. ಸಾಯಂಕಾಲ 6

ಆಯ್ತು. ಮೈಸೂರು ಪೇಟ, ಶಾಲು, ಗಂಧದ ಹಾರ, ಸೆಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ. ಅಭಿನಂದನಾ ಪತ್ರ ಬೆಂಗಳೂರಲ್ಲಿ ಮೊದಲೇ ಅಚ್ಚಾದದ್ದು, ಹೆಸರಿಗೆ ಮಾತ್ರ ಜಾಗ ಖಾಲಿ. ಹಾಗಾಗಿ ಶ್ರೀಯುತ ಡೆರೆಕ್ ಅವರನ್ನು “ನಾಡುನುಡಿಗೆ ಸಲ್ಲಿಸಿದ ಅನುಪಮ ಸೇವೆಗಾಗಿ” ಗೌರವಿಸಲಾಯಿತು.

ಅಂಕಲ್ ಮೈಕಿನಲ್ಲಿ: “ಗೆದ್ದವರ ಹಿಂದೆ ಊರೆಲ್ಲಾ ಹೋಗುತ್ತೆ. ಮೂವತ್ತು ವರ್ಷ ಸೋತವರ ಹಿಂದೆ ಹೋದ ಧೀರ ಇವರು.” ಚಪ್ಪಾಳೆ. ನಾನು ಇಂಗ್ಲಿಷಿಗೆ ತರ್ಜುಮೆ ಮಾಡಿದೆ. ಆರೂಕಾಲಡಿ ಆಳು, ಪೇಟ ಹಾಕಿಕೊಂಡು ಗಳಗಳ ಅತ್ತುಬಿಟ್ಟ. ಪುಳಿಯೋಗರೆ ಎರಡು ಪ್ಲೇಟ್ ತಿಂದ.

ಚೈತನ್ಯಾ ಮೊಣಕೈಯಲ್ಲಿ ತಿವಿದಳು: “ಈಗ ಕೇಳ್ರೀ.”

ಫಾರ್ಮು ಕಾರಿನಲ್ಲೇ ಇತ್ತು. ಆದರೆ ಶಾಲು ಹೊದಿಸಿದ ಕೈಯಲ್ಲೇ ಕಾಗದ ಚಾಚೋದಾ? ಚೆನ್ನಾಗಿರುತ್ತಾ? ಸೋಮವಾರ ಖಂಡಿತ.

ಸೋಮವಾರ, ಆಗಸ್ಟ್ 23. 9.30

ಡೆರೆಕ್ ಬಂದಿಲ್ಲ. ವಾಯ್ಸ್‌ಮೇಲ್: “ನಿಮ್ಮ ಜನ ನನ್ನ ಕಣ್ಣು ತೆರೆಸಿದರು. ನನ್ನ ಹುಡುಗರು ಅಲ್ಲಿ ಸೋಲ್ತಿದಾರೆ, ನಾನಿಲ್ಲಿ ಕೂತಿದೀನಿ. ಕೊನೇ ಮ್ಯಾಚಿಗೆ ಹೋಗ್ತಿದೀನಿ. ನಾಳೆ ನಮ್ಮ ಆಫೀಸಿನ ಪಕ್ಕದ ಡಲ್ಲಸ್ ಏರ್‌ಪೋರ್ಟಿಂದಲೇ ಫ್ಲೈಟು. ಎರಡು ವಾರ ಸಿಗಲ್ಲ.”

ಮೂರು ಸಲ ಕೇಳಿದೆ. ಮೂರು ಸಲವೂ ಅದನ್ನೇ ಹೇಳಿದ.

ಚೈತನ್ಯಾಗೆ ಫೋನ್ ಮಾಡಿದೆ. “ಶಾಲು ಹೊದಿಸಿ ಕಳಿಸಿಕೊಟ್ರಿ ತಾನೆ? ನಾಳೆ ಏರ್‌ಪೋರ್ಟಿಗೆ ಹೋಗಿ. ಸಹಿ ಇಲ್ಲದೆ ಮನೆಗೆ ಬರಬೇಡಿ.”

ಮಂಗಳವಾರ, ಆಗಸ್ಟ್ 24. ಮಧ್ಯಾಹ್ನ 3.50, ಏರ್‌ಪೋರ್ಟ್ ಪಾರ್ಕಿಂಗು, ಕಾರಲ್ಲಿ

ಸಿಕ್ಕಿತು!

ಚೆಕ್-ಇನ್ ಲೈನಿನಲ್ಲಿದ್ದ, ಹೆಗಲ ಮೇಲೆ ಶಾಲು. ಫಾರ್ಮು ಕೊಟ್ಟೆ. ಮೇಲಿಂದ ಕೆಳಗೆ ಓದಿದ.

“ಇದು ಯಾವಾಗಿಂದ ನಿನ್ನ ಹತ್ತಿರ ಇದೆ?”

“ಮಾರ್ಚಿಂದ. ನಿಮ್ಮ ಟೀಮು ಗೆಲ್ಲಲಿ ಅಂತ ಕಾಯ್ತಿದ್ದೆ.”

ಜೇಬಿಂದ ಪೆನ್ನು ತೆಗೆದ. “ಮೇಟ್, ಅದಕ್ಕೆ ಕಾದು ನಮ್ಮಪ್ಪನೇ ತೀರಿಕೊಂಡ. ಯಾವತ್ತು ಕೇಳಿದ್ದರೂ ಹಾಕ್ತಿದ್ದೆ.”

ಸೂಟ್‌ಕೇಸ್ ಮೇಲಿಟ್ಟು ಸಹಿ ಹಾಕಿದ, ಮುತ್ತಿನಂಥ ಅಕ್ಷರದಲ್ಲಿ ತಾರೀಖು ಹಾಕಿದ, ತಬ್ಬಿಕೊಂಡ, ಹೋದ. ನಾಲ್ಕು ಸಲ ನೋಡಿದೆ. ಎಲ್ಲಾ ಸರಿಯಾಗಿದೆ.

5.15, ಮನೆ

ಐದನೇ ಸಲ ನೋಡಬಾರದಿತ್ತು.

24/8/99 ಅಂತ ಬರೆದಿದ್ದಾನೆ. ಸಿಡ್ನಿಯಲ್ಲಿ ಸರಿ, ಮೈಸೂರಿನಲ್ಲೂ ಸರಿ. ಅದಕ್ಕೇ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದೆ: ಮೊದಲು ತಿಂಗಳು, ಆಮೇಲೆ ದಿನ. ತಿದ್ದಿದರೆ ಪಕ್ಕದಲ್ಲಿ ಸಹಿ ಹಾಕಿದವರೇ ಇನ್ನೊಂದು ಸಹಿ ಹಾಕಬೇಕು. ಸಹಿ ಹಾಕಿದವರು ಮೂವತ್ತು ಸಾವಿರ ಅಡಿ ಮೇಲಿದ್ದಾರೆ.

ಲಾಯರ್ ಆಫೀಸಿಗೆ ಹೊರಟೆ. ಆರಕ್ಕೆ ಬಾಗಿಲು ಹಾಕ್ತಾರೆ. ಡೈರಿ ಊಟದ ಮೇಜಿನ ಮೇಲೆ ತೆರೆದಿಟ್ಟಿದೀನಿ. ಚೈತನ್ಯಾ, ನೀನು ಇದನ್ನ ಓದ್ತೀಯ ಅಂತ ಗೊತ್ತು, ಜಗಳ ಆಮೇಲೆ ಆಡೋಣ. ಬಂದ ತಕ್ಷಣ ಅವರಿಗೆ ಒಂದು ಫೋನ್ ಮಾಡಿ, ನಾನು ತಲುಪೋವರೆಗೂ ಲೈನ್ ಬಿಡಬೇಡ. ಮೆಲ್ಲಗೆ ಕೇಳು — ಸರ್ಕಾರದವರು ಇಪ್ಪತ್ನಾಲ್ಕನೇ ತಿಂಗಳನ್ನ ಅಕಸ್ಮಾತ್ ಒಪ್ಪಿಕೊಳ್ತಾರಾ ಅಂತ.