ಹೆಗಲ ಮೇಲಿದ್ದ ಕೈ

ಅಜ್ಜಂಪುರ
23–11–2025

ನನ್ನ ಯಜಮಾನರಾದ ಶಶಿಧರ ಅವರಿಗೆ ಮಧುಶ್ರೀ ಮಾಡುವ ನಮಸ್ಕಾರ.

ನೀವು ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ಕಡೂರಿನ ತೆಂಗಿನಕಾಯಿ ಮಂಡಿಯಿಂದ ಬರುವವರೆಲ್ಲ ನಿಮ್ಮನ್ನು ನೋಡಿದೆವು ಎನ್ನುತ್ತಾರೆ. ಬೀರಯ್ಯನವರ ಗೂಡ್ಸ್ ಗಾಡಿ ಓಡಿಸಿಕೊಂಡು ಮಂಡಿಯ ಗೋಡೌನಿನಲ್ಲೇ ಮಲಗುತ್ತೀರಂತೆ. ಪ್ರಿಯಾಂಕಾ ಹುಷಾರಾಗಿದ್ದಾಳೆ. ನಾನೂ ಇದ್ದೇನೆ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ ಎಂದು ಮಂಡಿಗೆ ಹೋಗಿಬರುವ ಕಾಂತರಾಜಣ್ಣ ಹೇಳಿದರು. ಅದಕ್ಕೇ ಈ ಕಾಗದ, ಅವರ ಕೈಲೇ ಕಳಿಸುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿಯಿರಿ.

ಮದುವೆಯಾದ ಮೇಲೆ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಪ್ರೀತಿಯಿಂದ ಬರೆಯಬೇಕು ಎಂದುಕೊಂಡೇ ಕೂತೆ. ಬರುತ್ತಿಲ್ಲ, ಏನು ಮಾಡಲಿ.

ಮನೆ ಬಿಟ್ಟು ಹೋದ ದಿನ ನೀವು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. "ನೀನೇನು ಹೇಳಿದ್ದೆ ಅವರ ಹತ್ರ? ನಾನೇನು ಸತ್ತೋಗಿದೀನಾ?" ಎಂದು ಕೇಳಿದಿರಿ, ಅಷ್ಟೇ. ನಾನು ಬಾಯಿ ತೆಗೆಯುವಷ್ಟರಲ್ಲಿ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಾಗಿಲು ದಾಟಿದ್ದಿರಿ. ಕೇಳಿದವರು ಉತ್ತರ ಕೇಳಿಸಿಕೊಂಡು ಹೋಗಬೇಕಿತ್ತು. ಈಗ ಬರೆಯುತ್ತೇನೆ.

ಈರುಳ್ಳಿ ಗೋಡೌನಿನ ಹಿಂದಿನ ಆ ಬಾಡಿಗೆ ಕೋಣೆಗೆ ಬಂದಾಗಿನಿಂದ ಮಗುವಿಗೆ ಕೆಮ್ಮು ಹಿಡಿಯಿತು, ನಿಮಗೂ ಗೊತ್ತು. ಸಿರಪ್ ಕುಡಿಸಿದರೆ ಇಳಿಯುವುದು, ಬಾಟಲಿ ಮುಗಿದರೆ ಮತ್ತೆ ಗೊರಗೊರ. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ತೂಕ ಏರುತ್ತಿರಲಿಲ್ಲ. ತರೀಕೆರೆಯಲ್ಲಿ ಟ್ರಸ್ಟಿನವರ ಮಕ್ಕಳ ಆಸ್ಪತ್ರೆ ಇದೆ, ಅಶ್ವಿನಿ ಎನ್ನುವ ಡಾಕ್ಟರು ಚೆನ್ನಾಗಿ ನೋಡುತ್ತಾರೆ ಎಂದು ಕೇಳಿಕೊಂಡು ಬಂದವರು ನೀವೇ. ಬಾಗಿಲಲ್ಲಿ ನಿಂತು ನನಗೆ ಬುದ್ಧಿ ಹೇಳಿ ಒಳಗೆ ಕಳಿಸಿದಿರಿ, "ಕಾಯಿಲೆ ಎಷ್ಟೋ ಅಷ್ಟು ಹೇಳು, ಮನೆ ವಿಷ್ಯ ಅವರಿಗ್ಯಾಕೆ" ಅಂತ. ನಾನೂ ಹಾಗೇ ಮಾಡಿದೆ. ಮೇಡಂ ಏನು ಅಡುಗೆ ಮಾಡ್ತೀರಿ ಎಂದರೆ ಸೊಪ್ಪು, ಕಾಳು, ಮೊಟ್ಟೆ ಎಂದೆ. ಮಲಗುವ ಕೋಣೆಗೆ ಕಿಟಕಿ ಇದೆಯಾ ಎಂದರೆ ಎರಡಿವೆ ಎಂದೆ. ನಮ್ಮ ಕೋಣೆಗೆ ಕಿಟಕಿ ಎಲ್ಲಿತ್ತು?

ಮುಂದಿನ ಸಲ ನಿಮಗೆ ಗಾಡಿಯ ಬಾಡಿಗೆ ಸಿಕ್ಕಿ ನಾನೂ ಮಗುವೂ ಇಬ್ಬರೇ ಬಸ್ಸಿನಲ್ಲಿ ಹೋದೆವು. ಮೇಡಂ ಈ ಸಲ ನನ್ನನ್ನು ಕೇಳಲಿಲ್ಲ. ಪ್ರಿಯಾಂಕಾಳನ್ನು ಮೇಜಿನ ಮೇಲೆ ಕೂರಿಸಿಕೊಂಡು, ಬೆಳಿಗ್ಗೆ ಏನು ತಿಂದೆ ಎಂದರು. ಚಾ, ಬನ್ನು ಎಂದಳು. ನಿನ್ನೆ ರಾತ್ರಿ? "ನಂಗೆ ಅನ್ನ. ಅಮ್ಮಂಗೆ ಚಾ." ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ನಗಲಿಲ್ಲ, ಬೈಯಲಿಲ್ಲ. ಸಿಸ್ಟರನ್ನು ಆಚೆ ಕಳಿಸಿ ಬಾಗಿಲು ಹಾಕಿದರು. "ಮಗೂ ಬಟ್ಟೆಯೆಲ್ಲ ಹೊಗೆ ವಾಸನೆ. ನಾನು ಔಷಧಿ ಬರೆದು, ಅದೇ ಹೊಗೆಗೆ, ಅದೇ ಹಸಿವಿಗೆ ಮಗೂನ ವಾಪಸ್ ಕಳಿಸಿದ್ರೆ ನಾನು ಮಾಡಿದ್ದೇನು ಹೇಳಿ? ಇದೂ ಕಾಯಿಲೆ ವಿಷಯಾನೇ" ಎಂದರು.

ಆಗ ಹೇಳಿದೆ. ಹೇಳಿದ್ದಿಷ್ಟು. ನಮ್ಮ ಮೂವರ ಹೆಸರೂ ಬುಕ್ಕಾಂಬುಧಿಯಲ್ಲಿ ಅತ್ತೆಯವರ ರೇಷನ್ ಕಾರ್ಡಿನಲ್ಲಿದೆ, ಅಕ್ಕಿ ಅಲ್ಲಿಗೆ ಹೋಗುತ್ತದೆ, ನಮಗೆ ಬರುವುದಿಲ್ಲ. ದುಡಿದದ್ದರಲ್ಲಿ ಅರ್ಧ ಅತ್ತೆಗೆ ಕೊಡುತ್ತಾರೆ, ತಾಯಿಗೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ. ಒಂದೇ ಕೋಣೆ, ಅಲ್ಲೇ ಸೌದೆ ಒಲೆ, ಅಲ್ಲೇ ಹಾಸಿಗೆ. ಗಂಡ ಕುಡಿಯುವವರಲ್ಲ, ಮಗಳನ್ನು ಕಂಡರೆ ಪ್ರಾಣ, ಒಳ್ಳೆಯವರು ಎಂದೂ ಹೇಳಿದೆ. ಮಿಕ್ಕಿದ್ದೆಲ್ಲ ಆಸ್ಪತ್ರೆ ಫೈಲಿಗೆ ಹೋಯಿತು, ಇದೊಂದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಮೇಲಿನದು ನಿಮ್ಮ ಕಣ್ಣೆದುರಿಗೇ ಆಯಿತು. ಆಸ್ಪತ್ರೆಯ ಬಸವರಾಜಣ್ಣ ನಮ್ಮ ಜೊತೆ ತಾಲ್ಲೂಕು ಆಫೀಸಿಗೆ ಅಲೆದು ಬೇರೆ ಕಾರ್ಡು ಮಾಡಿಸಿಕೊಟ್ಟರು. ಗ್ಯಾಸ್ ಬಂತು. ಅಂಗನವಾಡಿಯಲ್ಲಿ ಹೆಸರು ಹತ್ತಿತು, ಮೊಟ್ಟೆ ಸಿಕ್ಕಿತು. ಟ್ರಸ್ಟಿನಿಂದ ಹಾಲಿನ ಪುಡಿ, ಬೇಳೆ. ಉಸಿರಿಗೆ ಎಳೆದುಕೊಳ್ಳುವ ಪಂಪನ್ನು ಹೇಗೆ ಹಿಡಿಯಬೇಕು ಎಂದು ಮೇಡಮ್ಮೇ ನಿಮ್ಮ ಕೈಗೆ ಕೊಟ್ಟು ಕಲಿಸಿದರು. ಮಗು ಮೈ ತುಂಬಿಕೊಂಡಿತು, ನಿದ್ದೆ ಮಾಡಿತು. ಓಡಿದರೂ ಏದುಸಿರು ಬರುತ್ತಿಲ್ಲ ಎಂದು ನೀವೇ ಬೀದಿಯಲ್ಲಿ ಅವಳನ್ನು ಓಡಿಸಿ ನೋಡುತ್ತಿದ್ದಿರಿ.

ಅತ್ತೆ ಮಾತ್ರ ಬುಕ್ಕಾಂಬುಧಿಯಿಂದ ಬಂದು ಹೊಸ್ತಿಲಲ್ಲೇ ನಿಂತು, "ಇವತ್ತು ನನ್ ಕಾರ್ಡಿಂದ ಹೆಸ್ರು ತೆಗೆಸಿದೋಳು, ನಾಳೆ ನನ್ ಮಗನ್ನೇ ತೆಗೆಸ್ತಾಳೆ" ಎಂದರು. ನೀವು ತಲೆ ತಗ್ಗಿಸಿ ಗಾಡಿಯ ಚಕ್ರ ನೋಡುತ್ತಿದ್ದಿರಿ. ಸೊಸೆ ಹಸಿದಿದ್ದಾಗ ಹೋಗದ ಮಾನ, ಹಸಿವು ಎಂದು ಬಾಯಿಬಿಟ್ಟಾಗ ಹೋಯಿತು.

ಇನ್ನು ಫೋಟೋ. ಹಾಲಿನ ಪುಡಿ ಕೊಟ್ಟ ದಿನ ಟ್ರಸ್ಟಿನವರು ಕ್ಯಾಮರಾ ಹಿಡಿದು ಬಂದರು. ಮಗು ಹೆದರಿ ಮೋರೆ ತಿರುಗಿಸಿತು. ನಾನು ಬೇಡ ಎಂದೆ. "ತೆಗೀಲಿ ಬಿಡು, ಆಸ್ಪತ್ರೆ ಫೈಲಿಗಿರ್ಬೇಕು" ಎಂದವರು ನೀವು. ಪಕ್ಕದಲ್ಲಿ ನಿಂತು ಅವಳ ಹೆಗಲ ಮೇಲೆ ಕೈ ಇಟ್ಟಿರಿ. ಆಮೇಲೆ ಅವಳು ನಕ್ಕಳು.

ಕಡೂರು ಬಸ್ ಸ್ಟ್ಯಾಂಡಿನ ಎದುರು ಆ ಫ್ಲೆಕ್ಸ್ ಕಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಮಂಡಿಯವರು ನಿಮ್ಮನ್ನು ಕರೆದು, "ಏನಪ್ಪಾ, ನಿನ್ ಮಗಳು ಇಷ್ಟ್ ದೊಡ್ಡದಾಗಿ ಬಂದವ್ಳೆ" ಎಂದು ತೋರಿಸಿದರಂತೆ. ನೀವು ಹೋದ ಮೇಲೆ ನಾನೂ ಹೋಗಿ ನೋಡಿದೆ. ನಿಮ್ಮನ್ನು ಕತ್ತರಿಸಿದ್ದಾರೆ. ಕೈಯೊಂದು ಉಳಿದಿದೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, "ತಂದೆಯ ಆಸರೆಯಿಲ್ಲದ ಕಂದನ ಹೆಗಲಿಗೆ ನಮ್ಮ ನೆರವಿನ ಹಸ್ತ." ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಾನು ಮೇಡಂಗೆ ಹೇಳಿದ ಹಸಿವಿನ ಕಥೆ.

ಆ ಕೈ ಯಾರದು ಎಂದು ಊರಿಗೆ ಗೊತ್ತಿಲ್ಲ. ಉಗುರು ಕಪ್ಪಗಾಗಿರುವ ಆ ಹೆಬ್ಬೆರಳು ನನಗೆ ಗೊತ್ತು. ನಿಮಗೆ ಎಷ್ಟು ಉರಿದಿರಬಹುದು ಎಂಬುದೂ ಗೊತ್ತು. ಆದರೆ ಆ ಸಾಲು ಬರೆದವಳು ನಾನಲ್ಲ ಎಂದು ನಿಮಗೆ ಯಾಕೆ ತಿಳಿಯಲಿಲ್ಲ? ಮುದ್ರಿಸಿದವರನ್ನು ಬಿಟ್ಟು ನನ್ನನ್ನು ಕೇಳಲು ಬಂದಿರಿ. ದೊಡ್ಡವರ ಮನೆಯ ಬಾಗಿಲಿಗಿಂತ ನಮ್ಮ ಬಾಗಿಲು ತಳ್ಳುವುದು ಸುಲಭ.

ದೊಡ್ಡವರ ಬಾಗಿಲಿಗೆ ನಾನು ಹೋದೆ. ಟ್ರಸ್ಟಿನ ಅಧ್ಯಕ್ಷರು ಮಲ್ಲಿಕಾರ್ಜುನಯ್ಯನವರು, ತರೀಕೆರೆಯಲ್ಲಿ ದೊಡ್ಡ ವ್ಯಾಪಾರಸ್ಥರು. ಕೂರಿಸಿ ಕಾಫಿ ಕೊಟ್ಟರು. ನನ್ನ ಗಂಡ ಬದುಕಿದ್ದಾರೆ, ಆ ಕೈ ಅವರದೇ, ಅದನ್ನು ಇಳಿಸಿಬಿಡಿ ಎಂದು ಕೇಳಿಕೊಂಡೆ. ಅವರಿಗೆ ಸಿಟ್ಟೇ ಬರಲಿಲ್ಲ. "ಕೊಡೋರು ಕಣ್ಣಲ್ಲಿ ನೋಡಿ ಕೊಡ್ತಾರೆ ಕಣಮ್ಮ. ನಿನ್ನ ಮಗಳನ್ನ ನೋಡಿ ಕೊಟ್ಟಿದ್ರಿಂದ ಇನ್ನೆಷ್ಟು ಮಕ್ಕಳಿಗೆ ಹಾಲು ಹೋಗುತ್ತೆ, ಯೋಚನೆ ಮಾಡು" ಎಂದರು. ಅದೂ ಸುಳ್ಳಲ್ಲ. ವಾರ್ಷಿಕೋತ್ಸವಕ್ಕೆ ಮಗುವನ್ನು ವೇದಿಕೆಗೆ ಕರೆದುಕೊಂಡು ಬಾ, ನಾಲ್ಕು ಮಾತಾಡು ಎಂದೂ ಹೇಳಿದರು. ನಾನು ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಅಶ್ವಿನಿ ಮೇಡಂ ನನ್ನ ಪರವಾಗಿ ನಿಂತರು, ಅದನ್ನು ನೀವು ತಿಳಿದಿರಬೇಕು. "ಬಾಗಿಲು ಹಾಕಿಕೊಂಡು ಒಬ್ಬ ತಾಯಿ ನನಗೆ ಹೇಳಿದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಕಟ್ಟುವುದಕ್ಕೆ ನೀವು ಯಾರು" ಎಂದು ಅಧ್ಯಕ್ಷರನ್ನೇ ಕೇಳಿದರಂತೆ. "ನೀವು ಮಕ್ಕಳ ಎದೆ ನೋಡಿ ಸಾಕು, ಮಿಕ್ಕಿದ್ದು ನಮಗೆ ಬಿಡಿ" ಎಂದರಂತೆ ಅಧ್ಯಕ್ಷರು. ಮೇಡಂ ಕೆಲಸ ಬಿಟ್ಟು ದಾವಣಗೆರೆಗೆ ಹೋದರು. ಹೋಗುವಾಗ ಫೋನು ಮಾಡಿ, "ನಿಮ್ಮಿಂದ ಮಾತು ಹೊರಡಿಸಿದವಳು ನಾನು. ಅದು ಎಲ್ಲಿಗೆ ಹೋಗುತ್ತೆ ಅಂತ ನಾನು ನೋಡಿಕೊಳ್ಳಬೇಕಿತ್ತು" ಎಂದು ಅತ್ತರು. ನನಗೆ ಅವರನ್ನು ಸಮಾಧಾನ ಮಾಡುವ ಮನಸ್ಸು ಬರಲಿಲ್ಲ.

ನಾನೀಗ ತರೀಕೆರೆಗೆ ಹೋಗುವುದಿಲ್ಲ. ಅವರ ಬೇಳೆಯೂ ಬೇಡ, ಹಾಲಿನ ಪುಡಿಯೂ ಬೇಡ. ಈರುಳ್ಳಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ಸಾಲಿನಲ್ಲಿ ಕೂತ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಒಬ್ಬಳು, ತಿಪ್ಪಮ್ಮ, ತನ್ನ ಮಗಳ ಮಗುವನ್ನು ತರೀಕೆರೆಗೆ ಕರೆದುಕೊಂಡು ಹೋಗುತ್ತಿದ್ದವಳು, ಈಗ ನಿಲ್ಲಿಸಿದ್ದಾಳೆ. "ನಮ್ ಮಗೀನೂ ತೂಗಾಕ್ತಾರೆ ಕಣೇ, ಬ್ಯಾಡ" ಎಂದಳು. ಆ ಮಗುವಿನ ಕೈಕಾಲು ಕಡ್ಡಿಯಾಗಿವೆ. ಅಧ್ಯಕ್ಷರು ಹಾಲು ಹೋದ ಮಕ್ಕಳನ್ನು ಎಣಿಸಿದರು. ಬರದೆ ಉಳಿದ ಮಕ್ಕಳನ್ನು ಎಣಿಸುವವರು ಯಾರು?

ಹೊಸ ಕಾರ್ಡಿನಲ್ಲಿ ನಿಮ್ಮ ಹೆಸರು ಹಾಗೇ ಇದೆ. ಇವರು ಎಲ್ಲಿ ಎಂದು ಅಂಗಡಿಯವರು ಕೇಳಿದರೆ ಬಾಡಿಗೆಗೆ ಹೋಗಿದ್ದಾರೆ ಎನ್ನುತ್ತೇನೆ. ಅತ್ತೆಯವರ ಕಡೆಯಿಂದ ಪಂಚಾಯ್ತಿ ಸೇರಿಸುತ್ತೇವೆ ಎಂದು ಮಾತು ಬಂದಿದೆ. ಸೇರಿಸಲಿ. ನನಗೆ ಹೇಳಲು ಇರುವುದೆಲ್ಲ ಊರಿಗೆ ಗೊತ್ತಾಗಿದೆ, ಇನ್ನು ಮುಚ್ಚುವುದಕ್ಕೆ ಏನುಳಿದಿದೆ?

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಬನ್ನಿ ಎಂದು ಕಾಲು ಹಿಡಿಯುವುದಿಲ್ಲ. ನಾವಿಬ್ಬರೂ ಹೇಗೋ ಇರುತ್ತೇವೆ.

ಇಂತಿ,
ನೀವು ಏನೆಂದುಕೊಂಡಿದ್ದರೂ ಈಗಲೂ ನಿಮ್ಮವಳೇ ಆದ
ಮಧುಶ್ರೀ

ತಾ.ಕ.: ಮೇಲೆ ಅಜ್ಜಂಪುರ ಎಂದು ಬರೆದದ್ದೂ, ಪ್ರಿಯಾಂಕಾ ಹುಷಾರಾಗಿದ್ದಾಳೆ ಎಂದು ಬರೆದದ್ದೂ ಸುಳ್ಳು. ಸಿಲಿಂಡರ್ ಮುಗಿದು ಮತ್ತೆ ಸೌದೆ ಒಲೆ ಹಚ್ಚಿದೆ, ಪಂಪೂ ಮುಗಿಯಿತು. ಮೊನ್ನೆ ಅವಳ ತುಟಿ ನೀಲಿಗಟ್ಟಿತು. ಇದನ್ನು ಕಡೂರಿನ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ, ನಿಮ್ಮ ಮಂಡಿಯಿಂದ ನಡೆದು ಬರುವಷ್ಟು ದೂರ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದಾರೆ, ಈಗ ನಿದ್ದೆ ಹತ್ತಿದೆ. ಇಲ್ಲಿನ ಡಾಕ್ಟರೂ ಒಳ್ಳೆಯವರೇ. ಹತ್ತಿರ ಕೂತು, ಮನೆಯಲ್ಲಿ ಊಟಕ್ಕೆ, ಇರುವುದಕ್ಕೆ ಏನಾದರೂ ಕಷ್ಟವಿದೆಯಾ ಅಮ್ಮ, ನನ್ನ ಹತ್ತಿರ ಹೇಳಿ ಎಂದರು. ಏನೂ ಇಲ್ಲ ಸಾರ್ ಎಂದೆ. ಅವರು ನಂಬಲಿಲ್ಲ, ನಾಳೆ ಮತ್ತೆ ಕೇಳುತ್ತೇನೆ ಎಂದು ಹೋಗಿದ್ದಾರೆ. ಏನು ಹೇಳಬೇಕು ಎಂದು ನೀವೇ ಬಂದು ಹೇಳಿ.