ಅಪ್ಪನ ಕೆಮ್ಮು

ಯಡ್ರಾಮಿ
೧೨ ಜನವರಿ ೨೦೨೫, ರವಿವಾರ

ಶಾಂಭವಕ್ಕಾ, ಶರಣು.

ಫೋನಿನ್ಯಾಗ ನೀ ಅಳ್ತಿ, ನಾ ಬೈತೇನಿ, ಮಾತು ಅಲ್ಲಿಗೇ ನಿಲ್ತದ. ಅದಕ್ಕ ಬರಿಯಾಕತ್ತೇನಿ. ಪೂರಾ ಓದು, ನಡುವ ಹರೀಬ್ಯಾಡ.

ಪಿಎಚ್‌ಡಿ ಬಿಡ್ತೇನಿ ಅಂದ್ಯಲ್ಲ, ಯಾರನ್ನ ಕೇಳಿ ಬಿಡ್ತಿ? ಕಂಪ್ಯೂಟರ್ ಕಲ್ತು ಬ್ಯಾಂಕಿನ ಕೆಲಸಕ್ಕ ಹೋಗಾಕಿ ಇದ್ದಿ. ಅಪ್ಪ ಟಿಬಿ ಆಗಿ ಹೋದ. ಮಣ್ಣು ಮಾಡಿ ಬಂದ ದಿನಾನೇ ಅವ್ವನ ಮುಂದ ಕುಂತು, 'ಕೆಮ್ಮು ಕೇಳಿ ರೋಗ ಹೇಳೋ ಮಷಿನ್ ಮಾಡ್ತೇನಿ, ಇನ್ನೊಬ್ಬರ ಅಪ್ಪ ಹಿಂಗ ಹೋಗಬಾರದು' ಅಂದಿ. ನಂಗ ಮೈ ಉರೀತು. ಕಡೀಗೆ ಟಿಬಿ ಅಂತ ಗೊತ್ತಾಗೂತನಾ ಡಾಕ್ಟರ್ ಸೈತ 'ಬ್ಯಾಳಿ ಮಿಲ್ಲಿನ ಧೂಳ್ರಿ, ಬೆಲ್ಲ ತಿನ್ರಿ' ಅಂದ. ಸತ್ತ ಮ್ಯಾಲ ಮಷಿನ್ ಯಾತಕ್ಕ? ಆದ್ರೂ ಬಾಯಿ ಮುಚಗೊಂಡೆ. ಅಪ್ಪ ಹಾಸಗಿ ಹಿಡದಾಗ ನಾ ಒಂಬತ್ತನೇ ಕ್ಲಾಸ್ ಬಿಟ್ಟು ಅದೇ ಮಿಲ್ಲಿಗೆ ಹೋದೆ, ಮನ್ಯಾಗ ಒಬ್ಬರರೆ ಓದಲಿ ಅಂತ.

ಈಗ ಏನಂತಿ? ಅಪ್ಪ ಇದ್ದಾಗ ಹಬ್ಬಕ್ಕ ಬಂದು ಅವನ ಮಾತು ಮೊಬೈಲಿನ್ಯಾಗ ತುಂಬಕೊಂಡಿದ್ಯಲ್ಲ, ಅದರಾಗಿನ ಕೆಮ್ಮು ನಿನ್ನ ಮಷಿನ್‌ಗೆ ಕೇಳಿಸಿದಿ. ಅದು 'ರೋಗ ಇಲ್ಲ' ಅಂದದ. ಅದಕ್ಕ ನಿನ್ನ ಓದೆಲ್ಲ ಸುಳ್ಳು ಅಂತಿ.

ನಾಚಿಕಿ ಆಗಂಗಿಲ್ಲೇನು? ನೀನೇ ಹೇಳಿದ್ದಿ, ಅದು ಕಲ್ತದ್ದೆಲ್ಲ ದೊಡ್ಡ ಊರಿನ ದವಾಖಾನಿ ಕೆಮ್ಮು ಅಂತ. ಮಿಲ್ಲಿನ ಧೂಳು ಕುಡದವರ ಕೆಮ್ಮು ಅದರ ಕಿವಿಗೇ ಬಿದ್ದಿಲ್ಲ. ಡಾಕ್ಟರೂ ತಪ್ಪಿದ, ಮಷಿನೂ ತಪ್ಪೇದ. ಡಾಕ್ಟರ್‌ಗ ಕಲಸಾವರು ಯಾರೂ ಇರಲಿಲ್ಲ. ಮಷಿನ್‌ಗೆ ನೀ ಇದ್ದಿ.

ಅಪ್ಪನ ಕೆಮ್ಮು ನಿನ್ನ ಕೆಲಸಕ್ಕ ಇಟ್ಟುಕೊಳ್ಳಲೇನು ಅಂತ ಅವ್ವನ್ನ ಕೇಳು ಅಂದಿದ್ದಿ. ನೀ ಕಳಿಸಿದ ಆ ಕೆಮ್ಮು ಅಕಿಗೆ ಕೇಳಿಸಿದೆ. ಮುಸುರಿ ತಿಕ್ಕಾಕತ್ತಿದ್ದಾಕಿ ಕೈ ನಿಲ್ಲಿಸಿ, 'ನಿಮ್ಮಪ್ಪಗ ನೀರ ಕೊಡೋ' ಅಂದ್ಲು. ಆಮ್ಯಾಲ ಮುಸುರಿ ತೊಳದಿಟ್ಟು ತಾನೇ, 'ಒಯ್ಯಲಿ ತಗೋ. ಖಾಲಿ ಹೋಗಬಾರದು ಅವನ ಕೆಮ್ಮು' ಅಂದ್ಲು.

ಇಷ್ಟಾದ ಮ್ಯಾಲೂ ಬಿಟ್ಟು ಬಂದ್ರ ನಾ ಬಾಗಲಾ ತೆಗಿಯಂಗಿಲ್ಲ.

ಅವ್ವ ಆರಾಮ ಅದಾಳ. ನಾ ಮಿಲ್ಲಿಗೆ ಹೊಂಟಾಗ ದಿನಾ ಕೈಯಾಗ ಬೆಲ್ಲ ಇಡ್ತಾಳ.

ನಿನ್ನ ತಮ್ಮ,
ಅರುಣಕುಮಾರ

ತಾ.ಕ.: ನಿನ್ನ ಮೊಬೈಲಿಗೆ ಎರಡು ಕೆಮ್ಮು ಕಳಿಸೇನಿ, ಮಿಲ್ ಚಾಲೂ ಇದ್ದಾಗ ಹಿಡದದ್ದು. ಮೊದಲನೇದು ನನ್ನ ಜೋಡಿ ದುಡಿಯೋ ಖಂಡಪ್ಪಂದು. ಅವನ ಕಫ ತಪಾಸ ಆಗ್ಯದ, ಬರೇ ಧೂಳು. ಎರಡನೇದು ನಂದು. ದೀಪಾವಳಿಯಿಂದ ಅದ. ನಾಳಿ ಜೇವರ್ಗಿ ದವಾಖಾನಿಗೆ ಹೋಗಿ ಕಫ ಕೊಡ್ತೇನಿ. ಮಷಿನ್ ಏನರೆ ಅನ್ನಲಿ, ಖರೇ ಉತ್ತರ ನಾ ಕಳಿಸ್ತೇನಿ, ಅದಕ್ಕ ಕಲಸು. ಅವ್ವಗ ಏನೂ ಅನಬ್ಯಾಡ. ಅಕಿಗೆ ಧೂಳು ಅಂತ ಹೇಳೇನಿ.