ಕುಂಸಿಗೆ ನೀನು ಹೋಗಿದ್ದ ಆ ವಾರ

ರವೀಂದ್ರನಗರ, ಶಿವಮೊಗ್ಗ
11 ಆಗಸ್ಟ್ 2024

ಸಮತಾ,

ನಾನು ಆನಂದ್. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಹರಿದು ಹಾಕುವ ಮೊದಲು ಒಂದು ಸಲ ಪೂರ್ತಿ ಓದು.

ರಂಜಿನಿಗೆ ಈಗ ಹದಿನಾಲ್ಕು. ನಿನ್ನಷ್ಟೇ ಎತ್ತರ ಆಗಿದ್ದಾಳೆ. ಎಡಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ. ಬಲಗಣ್ಣಿನಲ್ಲಿ ದಪ್ಪ ಅಕ್ಷರ ಓದುತ್ತಾಳೆ. ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಗೆ ಉಜ್ಜುತ್ತವೆ. ಹದಿನೈದು ದಿನಕ್ಕೊಮ್ಮೆ ಚಿಮಟ ಹಿಡಿದು ನಾನೇ ಕೀಳುತ್ತೇನೆ. ಅತ್ತರೂ ಅವಳಿಗೆ ಕಣ್ಣೀರು ಬರುವುದಿಲ್ಲ. ಆರು ವರ್ಷದ ಹಿಂದಿನ ಗಾಯ ಮಾಯ್ದರೂ ಒಳಗಿನ ಉರಿಯೂತ ಆರಿಲ್ಲ ಎನ್ನುತ್ತಾರೆ ಡಾಕ್ಟರ್ ಸುಪ್ರಿಯಾ. ರೆಪ್ಪೆಯ ಒಳಪೊರೆಯಲ್ಲಿ ಕೊಲ್ಯಾಜೆನ್ ಎಂಬ ನಾರು ಮಿತಿಮೀರಿ ಬೆಳೆದು, ಬಿಗಿದು, ರೆಪ್ಪೆಯನ್ನು ಒಳಕ್ಕೆ ಎಳೆಯುತ್ತಿದೆಯಂತೆ. ತುಟಿಯ ಒಳಪೊರೆ ತೆಗೆದು ರೆಪ್ಪೆಯ ಅಂಚಿಗೆ ಕಸಿ ಮಾಡಿದರೆ ಬಲಗಣ್ಣು ಉಳಿಯಬಹುದು. ಖಾತ್ರಿ ಇಲ್ಲ.

ಕಳೆದ ವಾರ ಅವರು ಹಳೆಯದನ್ನೆಲ್ಲ ಮತ್ತೆ ಕೇಳಿದರು. ಮೈಯೆಲ್ಲ ಬೊಬ್ಬೆ ಎಬ್ಬಿಸಿದ ಆ ಮಾತ್ರೆಯನ್ನು ಅದಕ್ಕೂ ಮೊದಲು ಎಂದಾದರೂ ಕೊಟ್ಟಿದ್ದಿರಾ ಎಂದಾಗ ನಾನು ಇಲ್ಲ ಎಂದೆ. ಹೊರಗೆ ಬಂದ ಮೇಲೆ ರಂಜಿನಿ ಕೇಳಿದಳು: "ಅಮ್ಮ ಅವತ್ತು ಆ ಮಾತ್ರೆ ಕೊಡ್ದೇ ಇದ್ದಿದ್ರೆ ನನ್ನ ಕಣ್ಣು ಚೆನ್ನಾಗಿರ್ತಿತ್ತು, ಅಲ್ವಾ ಅಪ್ಪ?"

ಇಷ್ಟು ವರ್ಷ ನಮ್ಮಮ್ಮನ ಬಾಯಲ್ಲಿದ್ದ ಮಾತು ಮಗಳ ಬಾಯಿಗೆ ಬಂದಿತ್ತು.

ಕೊಟ್ಟಿದ್ದೆ, ಸಮತಾ. ನೀನು ತಂಗಿಯ ಬಾಣಂತನಕ್ಕೆಂದು ಕುಂಸಿಗೆ ಹೋಗಿದ್ದೆಯಲ್ಲ, ಆ ವಾರ ಮಗುವಿಗೆ ಭೇದಿ ಹತ್ತಿತ್ತು. ಚೀಟಿ ಇಲ್ಲದೆ ಮೆಡಿಕಲ್‌ ಅಂಗಡಿಯಿಂದ ಅದೇ ಸಲ್ಫಾ ಮಾತ್ರೆ ತಂದು ಎರಡು ದಿನ ಕೊಟ್ಟೆ. ತುಟಿಯಲ್ಲಿ ಹುಣ್ಣಾಯಿತು, ಕಣ್ಣು ಕೆಂಪಾದವು, ಎದೆಯ ಮೇಲೆ ಚುಕ್ಕೆ ಎದ್ದವು. ನಿಲ್ಲಿಸಿದೆ, ನಾಲ್ಕೇ ದಿನಕ್ಕೆ ಇಳಿಯಿತು. ನೀನು ಬೈಯುತ್ತೀಯೆಂದು ಹೇಳಲಿಲ್ಲ. ಉಳಿದ ಮಾತ್ರೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಬಿದ್ದಿತ್ತು. ಆರು ತಿಂಗಳ ಮೇಲೆ ಮತ್ತೆ ಭೇದಿಯಾದಾಗ ಅದು ನಿನ್ನ ಕೈಗೆ ಸಿಕ್ಕಿತು. ಆ ಬೆಳಿಗ್ಗೆ ನಾನು ಫ್ಯಾಕ್ಟರಿಗೆ ಹೊರಟಾಗಿತ್ತು. ಇದ್ದಿದ್ದರೆ ತಡೆಯುತ್ತಿದ್ದೆ.

ಮೈಯೆಲ್ಲ ಬೊಬ್ಬೆ ಎದ್ದು ಐಸಿಯುನಲ್ಲಿ ಮಲಗಿಸಿದಾಗ ಡಾಕ್ಟರು ಇದನ್ನೇ ಕೇಳಿದ್ದರು. ನೀನು ಇಲ್ಲ ಎಂದೆ, ನಿನಗೆ ಗೊತ್ತಿರಲಿಲ್ಲ. ನಾನು ಪಕ್ಕದಲ್ಲೇ ಸುಮ್ಮನಿದ್ದೆ. ಹೆತ್ತವಳೇ ಮಗುವಿಗೆ ವಿಷ ಹಾಕಿದಳೆಂದು ನಮ್ಮಮ್ಮ ನೆಂಟರ ಮುಂದೆ ಅಂದಾಗಲೂ ಸುಮ್ಮನಿದ್ದೆ. ನೀನು ಭದ್ರಾವತಿಯ ತವರಿಗೆ ಹೋದೆ. ಮಗಳನ್ನು ನೋಡಲು ಎರಡು ಸಲ ಬಂದಾಗ ಅಮ್ಮ ಬಾಗಿಲಿಂದಲೇ ಕಳಿಸಿದಳು. ಎರಡು ಸಲವೂ ನಾನು ಒಳಗೇ ಇದ್ದೆ.

ನಾಳೆ ಡಾಕ್ಟರಿಗೂ ಹೇಳುತ್ತೇನೆ. ನಿನ್ನ ಕೈಯಿಂದ ಏನೂ ತಪ್ಪಾಗಲಿಲ್ಲ. ಇಷ್ಟು ಬರೆಯುವುದಕ್ಕೆ ನನಗೆ ಆರು ವರ್ಷ ಹಿಡಿಯಿತು. ಕ್ಷಮಿಸು ಎಂದು ಕೇಳುವುದಿಲ್ಲ.

ಆನಂದ್

ಮರೆತಿದ್ದಲ್ಲ, ಮುಚ್ಚಿಟ್ಟಿದ್ದು: ಅಂಚೆಗೆ ಹಾಕುವ ಮೊದಲು ಇದನ್ನು ರಂಜಿನಿಗೆ ಓದಿ ಹೇಳಿದೆ. ಕೊನೆವರೆಗೂ ಕೇಳಿ ಅವಳು ಒಂದೇ ಮಾತು ಅಂದಳು: "ಅವತ್ತು ನೀನು ಹೋಗಿರ್ಲಿಲ್ಲ ಅಪ್ಪ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ."

ನಿಂತಿದ್ದೆ. ನೀನು ಬೆನ್ನು ಹಾಕಿದ್ದೆ, ಸಮತಾ. ಮಾತ್ರೆಯ ಬಣ್ಣ ನೋಡಿಯೇ ಗುರುತು ಹಿಡಿದೆ. ಹೋದ ಸಲದ ಹುಣ್ಣು, ಚುಕ್ಕೆ ಉಷ್ಣಕ್ಕೆ ಆಗಿರಬೇಕು ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಅವಳು ಬಟ್ಟೆಯ ಬ್ಯಾಗು ತುಂಬಿಕೊಂಡಿದ್ದಾಳೆ. ಈ ಕಾಗದ ಅವಳೇ ಕೊಡುತ್ತಾಳಂತೆ. ನಿಮ್ಮ ಬೀದಿಯ ತಿರುವಿನವರೆಗೆ ಬಿಟ್ಟು ನಾನು ವಾಪಸ್ ಬರುತ್ತೇನೆ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು. ಬಸ್ಸಿನ ಗಾಳಿಗೆ ಕಣ್ಣು ಒಣಗಿರುತ್ತದೆ. ಈಗಲೇ ಹಾಕು.